ಒಂದು ಸ್ಪೀಕರ್‌ಗೆ ಮಾತ್ರ ಪ್ಲಸ್-ಮೈನಸ್ ಅದಲುಬದಲಾದರೆ ಏನಾಗುತ್ತದೆ?

ಸ್ಪೀಕರ್ ಸುಟ್ಟುಹೋಗುವುದಿಲ್ಲ, ಆದರೆ ಬೇಸ್ (ತಗ್ಗಿನ, ಗುಡುಗುವ ದನಿ) ಸೊರಗುತ್ತದೆ. ನಡುವಿನಿಂದ ಕೇಳಬೇಕಾದ ಗಾಯಕರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಕಾರಣ ಸರಳ: ಒಂದು ಸ್ಪೀಕರ್‌ನ ಕೋನ್ (ಅದುರಿ ದನಿ ಹೊರಡಿಸುವ ಪರದೆ) ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ, ಗಾಳಿಯ ಒತ್ತಡ ಪರಸ್ಪರ ವಜಾ ಆಗುತ್ತದೆ. ಬೇಸ್‌ನ ಅಲೆಗಳು ಉದ್ದ: 50 ಹರ್ಟ್ಜ್‌ನ ಅಲೆ ಸುಮಾರು 7 ಮೀಟರ್. ಸ್ಪೀಕರ್‌ಗಳ ನಡುವಿನ ಅಂತರ ಅದರ ಮುಂದೆ ಏನೂ ಅಲ್ಲ, ಹಾಗಾಗಿ ಹೆಚ್ಚು ಪೆಟ್ಟು ಬೀಳುವುದು ಬೇಸ್‌ಗೇ. ಎರಡೂ ಸ್ಪೀಕರ್ ತಿರುಗುಮುರುಗಾಗಿದ್ದರೆ ಈ ತೊಂದರೆ ಇಲ್ಲ.

ಸರಿಪಡಿಸಲು ಮೊದಲು ಆಂಪ್ಲಿಫೈಯರ್ ಆಫ್ ಮಾಡಿ. ಕೇಬಲ್‌ನ ಎರಡು ಎಳೆಗಳಲ್ಲಿ ಒಂದರ ಮೇಲೆ ಗೆರೆಯೋ, ಅಕ್ಷರವೋ, ಬೆರಳಿಗೆ ಸಿಗುವ ಸಣ್ಣ ಏಣೋ ಇರುತ್ತದೆ. ಅದನ್ನು ಎರಡೂ ತುದಿಯಲ್ಲಿ ಕೆಂಪು ಟರ್ಮಿನಲ್‌ಗೇ ಹಾಕಿ. ತುದಿಯಲ್ಲಿ 10-12 ಮಿ.ಮೀ. ಸುಲಿದು, ತಂತಿಗಳನ್ನು ಬಿಗಿಯಾಗಿ ಹೊಸೆಯಿರಿ.

ನಿಜವಾದ ಅಪಾಯ ಇರುವುದು ಇಲ್ಲಿ: ಹೊರಗುಳಿದ ಕೂದಲಿನಂಥ ಒಂದೇ ಒಂದು ತಂತಿ ಪಕ್ಕದ ಟರ್ಮಿನಲ್‌ಗೆ ತಗುಲಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಕೆಡಬಹುದು.

ಅನುಮಾನ ಉಳಿದರೆ ಸ್ಪೀಕರ್‌ಗಳನ್ನು ಪಕ್ಕಪಕ್ಕ ಇಟ್ಟು ಮೋನೋದಲ್ಲಿ (ಎರಡರಲ್ಲೂ ಒಂದೇ ದನಿ ಬರುವಂತೆ) ಹಾಡು ಹಾಕಿ, ಒಂದರ ವೈರ್ ತಿರುಗಿಸಿ ಮತ್ತೆ ಕೇಳಿ. ಬೇಸ್ ತುಂಬಿ ಬಂದ ಜೋಡಣೆಯೇ ಸರಿ.