ಮಗ ಹಡಗು ಬಿಟ್ಟು ಇತಿಹಾಸ ಓದ್ತಾನಂತೆ!

ಈ ಸಲ ನಾಲ್ಕೇ ಪತ್ರ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನನ್ನ ಮಗ ನೌಕಾಪಡೆಯಲ್ಲಿ ಲೆಫ್ಟಿನೆಂಟ್ ಕಮಾಂಡರ್. ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಇಷ್ಟೇ ವರ್ಷ ಅಂತ ಗೊತ್ತುಮಾಡಿದ ಸೇವೆ. ಬರುವ ವರ್ಷಕ್ಕೆ ಹತ್ತು ವರ್ಷ ತುಂಬುತ್ತದೆ. ಮುಂದುವರಿಸಲ್ಲ, ಹೊರಗೆ ಬಂದು ಇತಿಹಾಸ ಓದ್ತೀನಿ, ಯುದ್ಧಗಳ ಬಗ್ಗೆ ಬರೀತೀನಿ ಅಂತಾನೆ. ಬೆಂಗಳೂರಲ್ಲಿ ಒಳ್ಳೆ ಕಂಪನಿ ಕೆಲಸ ಸಿಗೋದಿತ್ತು, ಬೇಡವಂತೆ. ನನ್ನ ತಮ್ಮನದು ಮಂಡಕ್ಕಿ ಭಟ್ಟಿ ಇದೆ. ‘ಹಡಗು ಓಡಿಸೋನು ಪೆನ್ನು ಓಡಿಸ್ತಾನಂತೆ, ಅದರ ಬದಲು ಭಟ್ಟಿಗೆ ಬಂದು ಕೂರಲಿ’ ಅಂತ ನಗ್ತಾನೆ. ಇಂಥ ಕೆಲಸ ಮಾಡಿ ಯಾರಾದರೂ ಮುಂದೆ ಬಂದಿದ್ದಾರಾ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ತಮ್ಮ ಆಡಿದ ಮಾತು ಹೊಸದಲ್ಲ. ‘ಪುಸ್ತಕ ಬರೆಯೋದು ನೌಕಾಧಿಕಾರಿಯ ಕೆಲಸವಲ್ಲ’ ಅಂತ ಅಮೆರಿಕದ ನೌಕಾಪಡೆಯ ದೊಡ್ಡ ಅಧಿಕಾರಿಯೊಬ್ಬ 1893ರಲ್ಲೇ ಹೇಳಿದ್ದ. ಹೇಳಿಸಿಕೊಂಡವನು ಆಲ್‌ಫ್ರೆಡ್ ಮಹಾನ್. (ಹೌದು, ಅವನ ಮನೆತನದ ಹೆಸರೇ ಅದು. ನಾನು ಕೊಟ್ಟ ಬಿರುದಲ್ಲ.)

ಈ ಮಹಾನ್ ಹುಟ್ಟಿದ್ದು 1840ರಲ್ಲಿ. ಅಪ್ಪ ಸೇನೆಯ ಅಕಾಡೆಮಿಯಲ್ಲಿ ಮೇಷ್ಟ್ರು. ಮಗ 1859ರಲ್ಲಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ ಮುಗಿಸಿ ಹಡಗು ಹತ್ತಿದ. ಆದರೆ ಹಡಗು ನಡೆಸೋದರಲ್ಲಿ ಅಷ್ಟಕ್ಕಷ್ಟೆ. ಅವನ ಕೈಯಲ್ಲಿದ್ದ ಹಡಗುಗಳು ಬೇರೆಯವಕ್ಕೆ ಡಿಕ್ಕಿ ಹೊಡೆದದ್ದೂ ಉಂಟು. 40 ದಾಟಿದರೂ ಹೆಸರಿಲ್ಲ. ಪೆರು ದೇಶದ ಕರಾವಳಿಯಲ್ಲಿ ‘ವಾಚುಸೆಟ್’ ಅನ್ನೋ ಹಳೇ ಹಡಗಿನ ಕ್ಯಾಪ್ಟನ್ ಆಗಿ ಬೇಜಾರಲ್ಲಿ ದಿನ ಕಳೆಯುತ್ತಿದ್ದ. 1884ರಲ್ಲಿ ನೌಕಾ ಯುದ್ಧ ಕಾಲೇಜು ಶುರುವಾಗುತ್ತೆ, ಬಂದು ಪಾಠ ಮಾಡು ಅಂತ ಅಲ್ಲಿಗೆ ಕಾಗದ ಬಂತು. ಏನು ಪಾಠ ಮಾಡೋದು ಅಂತ ಅವನಿಗೂ ಗೊತ್ತಿರಲಿಲ್ಲ. ಲಿಮಾ ಊರಿನಲ್ಲಿ ಇಂಗ್ಲಿಷರದೊಂದು ಕ್ಲಬ್ಬು, ಅಲ್ಲೊಂದು ಪುಸ್ತಕದ ಕೋಣೆ. ಅಲ್ಲಿ ಕೂತು ರೋಮ್ ಚರಿತ್ರೆ ಓದುವಾಗ ಒಂದು ಪ್ರಶ್ನೆ ಬಂತು. ರೋಮಿನ ವೈರಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಆನೆ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಿ ರೋಮಿನ ಮೇಲೆ ಹೋದನಲ್ಲ, ಸಮುದ್ರದ ಮೇಲೆ ಯಾಕೆ ಹೋಗಲಿಲ್ಲ? ಸಮುದ್ರ ರೋಮನ್ನರ ಕೈಯಲ್ಲಿತ್ತು, ಅದಕ್ಕೆ.

ಇಷ್ಟೇ. ಇದೊಂದು ಪ್ರಶ್ನೆ ಹಿಡಿದು ಆರು ವರ್ಷ ದುಡಿದ. ಕಾಲೇಜು ನಡೆದದ್ದು ನ್ಯೂಪೋರ್ಟ್‌ನಲ್ಲಿ, ಮೊದಲು ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ಕಟ್ಟಡದಲ್ಲಿ. ಕಡಲ ಬಲ ಇತಿಹಾಸವನ್ನು ಹೇಗೆ ತಿರುಗಿಸಿತು ಅಂತ ಬರೆದ ಪುಸ್ತಕಕ್ಕೆ ಪ್ರಕಾಶಕರು ಸುಲಭಕ್ಕೆ ಸಿಗಲಿಲ್ಲ. ಕೊನೆಗೆ 1890ರಲ್ಲಿ ಬಂತು. ನಾಲ್ಕು ವರ್ಷದಲ್ಲಿ ಜರ್ಮನಿಯ ಚಕ್ರವರ್ತಿ ಕೈಸರ್ ಅದನ್ನು ‘ಓದ್ತಿಲ್ಲ, ನುಂಗ್ತಿದ್ದೀನಿ’ ಅನ್ನುವ ಹಾಗೆ ಹೊಗಳಿದ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಕರೆದು ಡಾಕ್ಟರೇಟ್ ಕೊಟ್ಟವು. ತಮಾಷೆ ಗೊತ್ತಾ? ಅದೇ ಹೊತ್ತಿಗೆ ಅವನ ಸ್ವಂತ ಅಡ್ಮಿರಲ್, ‘ಇವನ ಮನಸ್ಸು ಕೆಲಸದ ಮೇಲಿಲ್ಲ’ ಅಂತ ವರದಿ ಬರೆದ. ಆ ವರದಿ ಸುಳ್ಳಲ್ಲ ಅನ್ನೋದು ನನ್ನ ಅಭಿಪ್ರಾಯ.

ಈಗ ನಿಮ್ಮ ಮಗನ ವಿಷಯಕ್ಕೆ ಬರ್ತೀನಿ. ಮಹಾನ್ 1896ರಲ್ಲಿ ನಿವೃತ್ತನಾದಾಗ ಹಿಂದೆ 40 ವರ್ಷದ ಸೇವೆ ಇತ್ತು, ನಿವೃತ್ತಿ ವೇತನ ಇತ್ತು. ನಮ್ಮವರೇ ಆದ ವೈಸ್ ಅಡ್ಮಿರಲ್ ಹೀರಾನಂದಾನಿ 1989ರಲ್ಲಿ ನೌಕಾಪಡೆಯ ಉಪ ಮುಖ್ಯಸ್ಥರಾಗಿ ನಿವೃತ್ತರಾದರು. ಆಮೇಲೆ ನಮ್ಮ ನೌಕಾಪಡೆಯ ಇತಿಹಾಸವನ್ನು ಮೂರು ದಪ್ಪ ಸಂಪುಟಗಳಲ್ಲಿ ಬರೆದರು. ಅವರಿಗೂ ಪಿಂಚಣಿ ಇತ್ತು. ನಿಮ್ಮ ಮಗನಿಗೆ ಇರಲ್ಲ. ಅಧಿಕಾರಿಗೆ ಪಿಂಚಣಿ ಬರಬೇಕಾದರೆ 20 ವರ್ಷ ಸೇವೆ ಬೇಕು. ಶಾರ್ಟ್ ಸರ್ವಿಸ್‌ನವರಿಗೆ ಗ್ರಾಚ್ಯುಟಿ ಕೊಟ್ಟು ಕೈ ಮುಗೀತಾರೆ. ಭಟ್ಟಿಯವರು ನಗೋದು ಬಿಟ್ಟು ಈ ಲೆಕ್ಕ ಕೇಳಿದ್ದರೆ ಅವರ ಮಾತಿಗೆ ತೂಕ ಇರುತ್ತಿತ್ತು.

ಹಾಗಾಗಿ ನನ್ನ ಸಲಹೆ: ಹತ್ತಕ್ಕೇ ಬಿಡೋದು ಬೇಡ. 14 ವರ್ಷದವರೆಗೆ ಮುಂದುವರಿಸಲು ಅವಕಾಶ ಇದೆ. ಆ ನಾಲ್ಕು ವರ್ಷದಲ್ಲಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಇತಿಹಾಸದ ಎಂ.ಎ. ಮಾಡಿಕೊಳ್ಳಲಿ. ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ನೆಟ್ ಪರೀಕ್ಷೆ ಬರೆಯಲಿ. ಎಂ.ಎ. ಓದೋಕೆ ಆಗದೆ ಒದ್ದಾಡಿದರೆ, ಇತಿಹಾಸದ ಹುಚ್ಚು ಬರೀ ಹಡಗಿನ ಬೇಜಾರು ಅಂತ ಅವನಿಗೇ ಗೊತ್ತಾಗುತ್ತೆ. ಓದಿದರೆ, ನೀವು ತಡೆಯಬೇಡಿ. ಮುಂಬೈಗೆ ಪೋಸ್ಟಿಂಗ್ ಬಿದ್ದರೆ ಅಲ್ಲಿ ಮ್ಯಾರಿಟೈಮ್ ಹಿಸ್ಟರಿ ಸೊಸೈಟಿ ಇದೆ, 1978ರಿಂದ. ಹೋಗಿ ಬರಲಿ. ಒಂದು ಎಚ್ಚರ: ಸೇವೆಯಲ್ಲಿರುವಾಗ ಏನೇ ಅಚ್ಚಿಗೆ ಕೊಟ್ಟರೂ ಮೇಲಿನವರ ಅನುಮತಿ ಬೇಕು. ಮರೆತರೆ ಪೇಚಾಟ.

ಪ್ರಶ್ನೆ: ನೌಕಾಪಡೆಯವರೇ ನೌಕಾಪಡೆಯ ಇತಿಹಾಸ ಬರೆದರೆ ನಂಬೋದು ಹೇಗೆ? ತಮ್ಮವರ ತಪ್ಪು ಮುಚ್ಚಿಡೋಲ್ವಾ?
— ಬಿ.ಎ. ವಿದ್ಯಾರ್ಥಿ, ಹಿರಿಯೂರು

ಉತ್ತರ: ಮುಚ್ಚಿಡೋರು ಇದ್ದಾರೆ. ಆದರೆ ಏನನ್ನು, ಎಲ್ಲಿ ಮುಚ್ಚಿಡ್ತಾರೆ ಅನ್ನೋದು ಒಳಗಿದ್ದವನಿಗೇ ಬೇಗ ಗೊತ್ತಾಗೋದು. ನನ್ನದೇ ಒಂದು ಪ್ರಸಂಗ ಹೇಳ್ತೀನಿ.

ನಾನು ನೌಕಾಪಡೆಯಲ್ಲಿ ಸಿಗ್ನಲ್‌ಮನ್ ಆಗಿದ್ದೆ, 15 ವರ್ಷ. ಮಧ್ಯರಾತ್ರಿಯಿಂದ ಬೆಳಗಿನ ಜಾವ ನಾಲ್ಕರವರೆಗಿನ ಪಾಳಿಗೆ ಮಿಡ್ಲ್ ವಾಚ್ ಅಂತಾರೆ. ಒಂದು ರಾತ್ರಿ ಬ್ರಿಜ್ಜಿನ (ಹಡಗು ನಡೆಸುವ ಕಟ್ಟೆ) ಪಕ್ಕ ನಿಂತಲ್ಲೇ ಕಣ್ಣು ಅಂಟಿತು. ಎಚ್ಚರಾದಾಗ ಪಕ್ಕದ ಹಡಗಿನ ದೀಪ ನಮ್ಮ ಕಡೆ ಮಿಟುಕುತ್ತಿತ್ತು. ಎಷ್ಟು ಹೊತ್ತಿಂದ ಕರೀತಿದ್ದನೋ ಪಾಪ. ಸಂದೇಶ ತೆಗೆದುಕೊಂಡಾಗ ಗಡಿಯಾರದಲ್ಲಿ 2 ಗಂಟೆ 50 ನಿಮಿಷ. ನಾನು ಲಾಗ್ ಪುಸ್ತಕದಲ್ಲಿ (ಪಾಳಿಯಲ್ಲಿ ನಡೆದದ್ದನ್ನು ಹೊತ್ತು ಹಾಕಿ ಬರೆಯೋ ಪುಸ್ತಕ) ಬರೆದದ್ದು 2 ಗಂಟೆ 40. ಹತ್ತು ನಿಮಿಷ ನುಂಗಿದೆ. ಬೆಳಿಗ್ಗೆ ನಮ್ಮ ಯೋಮನ್, ಅಂದರೆ ಸಿಗ್ನಲ್‌ಮನ್‌ಗಳ ಮೇಲಿನವರು, ಪುಸ್ತಕ ನೋಡಿದರು. ಕೇರಳದವರು, ಮಾತು ಕಡಿಮೆ. ನನ್ನ ಸಾಲಿನ ಮೇಲೆ ಬೆರಳಿಟ್ಟು, ‘ಈ 40 ಬರೆಯುವಾಗ ನಿನ್ನ ಕೈ ನಡುಗಿದೆ’ ಅಂದರು. ನೋಡಿದರೆ ಹೌದು, ಉಳಿದ ಅಂಕಿಗಳು ನೆಟ್ಟಗಿವೆ, ಆ ಸೊನ್ನೆ ಮಾತ್ರ ಕೋಳಿಮೊಟ್ಟೆ. ಅಳಿಸುವ ಹಾಗಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಿಸಿದರು. ಆ ತಿಂಗಳು ನನಗೆ ರಜೆ ಸಿಗಲಿಲ್ಲ, ಅದು ಬೇರೆ ಮಾತು.

ಈಗ ಯೋಚಿಸಿ. ಯೋಮನ್ ನೋಡದೇ ಇದ್ದಿದ್ದರೆ? 50 ವರ್ಷದ ಮೇಲೆ ಯಾರೋ ಆ ಲಾಗ್ ತೆಗೆದು, ‘ಸಂದೇಶ 2.40ಕ್ಕೆ ತಲುಪಿತು’ ಅಂತ ಬರೆಯುತ್ತಿದ್ದರು. ಪುಟದ ಕೆಳಗೆ ಅಡಿಟಿಪ್ಪಣಿಯಲ್ಲಿ ದಾಖಲೆಯ ನಂಬರ್ ಬೇರೆ. ಲಾಗ್ ಬರೆದು ಗೊತ್ತಿದ್ದವನು ಮಾತ್ರ ಎರಡೂ ಹಡಗಿನ ಲಾಗ್ ತರಿಸಿ ಪಕ್ಕಪಕ್ಕ ಇಡುತ್ತಾನೆ.

ಬ್ರಿಟನ್ನಿನ ಸ್ಟೀಫನ್ ರಾಸ್ಕಿಲ್ ಇದಕ್ಕೆ ಒಳ್ಳೆ ಉದಾಹರಣೆ. ಫಿರಂಗಿ ವಿಭಾಗದವನು. ಆ ಸದ್ದಿಗೇ ಕಿವಿ ಹೋಯಿತು. 1943ರಲ್ಲಿ ಸೊಲೊಮನ್ ದ್ವೀಪಗಳ ಕಾಳಗದಲ್ಲಿ ಅವನಿದ್ದ ‘ಲಿಯಾಂಡರ್’ ಹಡಗಿಗೆ ಟಾರ್ಪಿಡೊ ಬಡಿಯಿತು. ಕಿವುಡಿನಿಂದಾಗಿ 1948ರಲ್ಲಿ ಪಡೆ ಬಿಟ್ಟ. ಮರುವರ್ಷ ಸರ್ಕಾರ ಅವನನ್ನೇ ಎರಡನೇ ಮಹಾಯುದ್ಧದ ನೌಕಾ ಇತಿಹಾಸ ಬರೆಯಲು ನೇಮಿಸಿತು. ಸಂಬಳ ಸರ್ಕಾರದ್ದು, 1951ರಿಂದ ಪ್ರಧಾನಿ ಚರ್ಚಿಲ್. ಆದರೂ ರಾಸ್ಕಿಲ್ 1940ರ ನಾರ್ವೆ ಕಾರ್ಯಾಚರಣೆಯಲ್ಲಿ ಚರ್ಚಿಲ್ ಅತಿಯಾಗಿ ಮೂಗು ತೂರಿಸಿದ್ದನ್ನು ಬರೆದ. ‘ಪ್ರಿನ್ಸ್ ಆಫ್ ವೇಲ್ಸ್’, ‘ರಿಪಲ್ಸ್’ ಹಡಗುಗಳನ್ನು ಪೂರ್ವಕ್ಕೆ ಕಳಿಸಿದ ತೀರ್ಮಾನವನ್ನೂ ಬಿಡಲಿಲ್ಲ. ಅವೆರಡನ್ನೂ 1941ರ ಡಿಸೆಂಬರ್ 10ರಂದು ಜಪಾನೀ ವಿಮಾನಗಳು ಮಲಯಾ ಹತ್ತಿರ ಮುಳುಗಿಸಿದವು. ಕರಡು ನೋಡಿ ಚರ್ಚಿಲ್ ಗರಂ ಆದ. ರಾಸ್ಕಿಲ್ ಮೊದಲ ಸಂಪುಟವನ್ನು 1954ರಲ್ಲಿ ಹೊರತಂದ. ಮುಂದೆ ಅವನಿಗೆ ನೆಲೆ ಕೊಟ್ಟದ್ದು ಕೇಂಬ್ರಿಜ್‌ನ ಯಾವ ಕಾಲೇಜು ಗೊತ್ತಾ? ಚರ್ಚಿಲ್ ಕಾಲೇಜು!

ನಮ್ಮ ಹೀರಾನಂದಾನಿಯವರು 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಕಾರ್ಯಾಚರಣೆ ಅಧಿಕಾರಿ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಮ್ಮ ಕ್ಷಿಪಣಿ ದೋಣಿಗಳು ಹೋದದ್ದನ್ನು ಅವರು ಹೆಮ್ಮೆಯಿಂದ ಬರೆದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ನೋಡೋದು ‘ಖುಕ್ರಿ’ ಬಗ್ಗೆ ಏನು ಬರೆದಿದ್ದಾರೆ ಅಂತ. ಡಿಸೆಂಬರ್ 9ರಂದು ದಿಯು ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಆ ಹಡಗನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. ಅವರ ಧೈರ್ಯ ಹೊಗಳಿ ಪುಟ ಮುಗಿಸಬಹುದಿತ್ತು. ಹೀರಾನಂದಾನಿ ಹಾಗೆ ಮಾಡಿಲ್ಲ. ಸೋನಾರ್ (ಸದ್ದಿನಿಂದ ಸಬ್‌ಮರೀನ್ ಪತ್ತೆ ಮಾಡೋ ಯಂತ್ರ) ಪ್ರಯೋಗಕ್ಕಾಗಿ ಹಡಗು ನಿಧಾನವಾಗಿ ಹೋಗುತ್ತಿತ್ತು ಅನ್ನೋದನ್ನು ಎತ್ತಿದ್ದಾರೆ, ಎದುರಾಳಿ ಕಡೆಯವರು ಬರೆದದ್ದನ್ನೂ ಪಕ್ಕದಲ್ಲಿ ಇಟ್ಟಿದ್ದಾರೆ. ಎರಡು ಲಾಗ್, ಪಕ್ಕಪಕ್ಕ.

ಆದರೂ ಒಂದು ಮಾತು. ಒಳಗಿದ್ದವನಿಗೆ ಒಳಗಿನದೇ ಪ್ರಪಂಚ ಆಗಿಬಿಡುತ್ತೆ. ಮಹಾನ್‌ಗೂ ಹಾಗೇ ಆಯಿತು. ದೊಡ್ಡ ಯುದ್ಧನೌಕೆಗಳ ಸಾಲೇ ಎಲ್ಲವನ್ನೂ ತೀರ್ಮಾನಿಸುತ್ತೆ ಅಂತ ನಂಬಿದ್ದ, ಸಬ್‌ಮರೀನಿಗೆ ಅಷ್ಟು ಬೆಲೆ ಕೊಡಲಿಲ್ಲ. 1914ರ ಸೆಪ್ಟೆಂಬರ್‌ನಲ್ಲಿ ಒಂದೇ ಜರ್ಮನ್ ಸಬ್‌ಮರೀನ್ ಒಂದೇ ಬೆಳಿಗ್ಗೆ ಮೂರು ಬ್ರಿಟಿಷ್ ಕ್ರೂಸರ್ ಮುಳುಗಿಸಿತು. ಡಿಸೆಂಬರ್ 1ಕ್ಕೆ ಮಹಾನ್ ತೀರಿಕೊಂಡ. ಬಂದರಿಲ್ಲದ, ಹಡಗಿಲ್ಲದ ಜನರ ಕಷ್ಟಸುಖ ಅವನ ಪುಸ್ತಕದಲ್ಲಿ ಹುಡುಕಿದರೂ ಸಿಗಲ್ಲ. ಸಾಮ್ರಾಜ್ಯ ಕಟ್ಟೋರಿಗೆ ಅದು ಕೈಪಿಡಿ ಆದದ್ದು ಸುಮ್ನೆ ಅಲ್ಲ. ಎಂ.ಎ. ಇಂಥ ಕಡೆ ಉಪಯೋಗಕ್ಕೆ ಬರುತ್ತೆ, ದಾವಣಗೆರೆ ತಾಯಿಗೆ ಅದನ್ನು ಹೇಳಿದ್ದು ಇದಕ್ಕೇ.

ನೀವು ವಿದ್ಯಾರ್ಥಿ ಆದ್ದರಿಂದ ಇದೂ ತಿಳಿದಿರಲಿ. ರಕ್ಷಣಾ ಇಲಾಖೆಯ ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು ಅಂತ 2021ರಲ್ಲಿ ನಿಯಮ ಆಗಿದೆ. ಹಳೆಯವು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕು. ನಿಮ್ಮ ಕಾಲಕ್ಕೆ ಕೆಲಸ ಜಾಸ್ತಿ ಇದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕೂತು ಯಾವಾಗಲೂ ಸಮುದ್ರದ ಮಾತೇ ಆಡ್ತೀರಲ್ಲ, ಬಂಡೆಗಳ ಊರಿಗೂ ಕಡಲಿಗೂ ಏನು ಸಂಬಂಧ?
— ಸಂತೇಪೇಟೆ ಓದುಗ, ಚಿತ್ರದುರ್ಗ

ಉತ್ತರ: ನಾನೂ ಹೀಗೇ ಅಂದುಕೊಂಡಿದ್ದೆ. ಪಡೆ ಬಿಟ್ಟು ಬಂದ ಮೇಲೆ ಬ್ಯಾಂಕೊಂದರಲ್ಲಿ ಗಾರ್ಡ್ ಆಗಿದ್ದೆ. ತೊಡೆಯ ಮೇಲೆ ಜೋಡಿನಳಿಗೆ ಬಂದೂಕು, ಬಂದೂಕಿನ ಮೇಲೆ ಮಹಾನ್ ಪುಸ್ತಕ. ಮುಂಬೈ ಫೋರ್ಟಿನ ಫುಟ್‌ಪಾತಲ್ಲಿ 12 ರೂಪಾಯಿಗೆ ತಂದದ್ದು. ಮ್ಯಾನೇಜರ್ ಬಂದರೆ ಪುಸ್ತಕ ಸ್ಟೂಲಿನ ಕೆಳಗೆ. ನನ್ನ ಇಂಗ್ಲಿಷಿಗೆ ದಿನಕ್ಕೆ ಎರಡು ಪುಟ ಆದರೆ ಹೆಚ್ಚು. ಕೊನೆಕೊನೆಗೆ ಬಂದಾಗ ಕಣ್ಣಿಗೆ ಬಿದ್ದ ಹೆಸರು ಹೈದರಾಲಿ!

1779ರಲ್ಲಿ ಮದಕರಿ ನಾಯಕನಿಂದ ನಮ್ಮ ದುರ್ಗ ಕಿತ್ತುಕೊಂಡ ಅದೇ ಹೈದರ್. ಮೂರು ವರ್ಷದ ಮೇಲೆ, 1782ರ ಜುಲೈನಲ್ಲಿ, ಕಡಲೂರಿನಲ್ಲಿ ಫ್ರೆಂಚ್ ಅಡ್ಮಿರಲ್ ಸಫ್ರೆನ್‌ನನ್ನು ಭೇಟಿ ಮಾಡುತ್ತಾನೆ. ನೆಲದ ಮೇಲೆ ನಾನು, ನೀರಿನ ಮೇಲೆ ನೀನು, ನಡುವೆ ಇಂಗ್ಲಿಷರು ಅನ್ನೋ ಲೆಕ್ಕ. ಸಫ್ರೆನ್ ಮತ್ತು ಇಂಗ್ಲಿಷರ ಅಡ್ಮಿರಲ್ ಹ್ಯೂಸ್ 1782-83ರಲ್ಲಿ ಐದು ಸಲ ಕಾದಾಡಿದರು. ಹೈದರ್ 1782ರ ಡಿಸೆಂಬರ್‌ನಲ್ಲಿ ತೀರಿಕೊಂಡ, ಐದನೆಯದನ್ನು ನೋಡಲಿಲ್ಲ. ಏಳು ಸುತ್ತಿನ ಕೋಟೆ ಗೆದ್ದವನಿಗೂ ಕೊನೆಗೆ ಹಡಗಿನ ದಾರಿ ಕಾಯಬೇಕಾಯಿತು. ಅವತ್ತು ನಾನು ಎಷ್ಟು ಮೈಮರೆತಿದ್ದೆ ಅಂದರೆ, ಬಾಗಿಲು ಹಾಕುವ ಹೊತ್ತಾಗಿದೆ ಅಂತ ಕ್ಯಾಷಿಯರ್ ಬಂದು ಹೇಳಬೇಕಾಯಿತು.

ಇನ್ನೂ ಬೇಕಾದರೆ ಚಂದ್ರವಳ್ಳಿಗೆ ನಡೆಯಿರಿ. ಅಲ್ಲಿ ಅಗೆದಾಗ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯ ಸಿಕ್ಕಿವೆ. ಅವು ಹಡಗಿನಲ್ಲಿ ಬಾರದೆ ಹೇಗೆ ಬಂದಾವು? 1947ರಲ್ಲಿ ಅಲ್ಲಿಯೂ ನಮ್ಮ ಜಿಲ್ಲೆಯದೇ ಆದ ಬ್ರಹ್ಮಗಿರಿಯಲ್ಲಿಯೂ ಅಗೆಸಿದ ಮಾರ್ಟಿಮರ್ ವೀಲರ್ ಕೂಡ ಸೇನೆಯಲ್ಲಿ ಬ್ರಿಗೇಡಿಯರ್ ಆಗಿದ್ದವನು, ಯುದ್ಧದ ನಡುವೆಯೇ 1944ರಲ್ಲಿ ನಮ್ಮ ಪುರಾತತ್ವ ಇಲಾಖೆಗೆ ಬಂದವನು.

ಪ್ರಶ್ನೆ: ಆ ಮಹಾನ್ ಪುಸ್ತಕ ಓದಲು ಕೊಡ್ತೀರಾ ಸರ್? ಒಂದು ವಾರದಲ್ಲಿ ವಾಪಸ್ ಮಾಡ್ತೀನಿ.
— ಹೊಳಲ್ಕೆರೆಯ ಓದುಗ

ಉತ್ತರ: ಹಿಂದೆ ಒಬ್ಬರು ಹೀಗೇ ಒಂದು ವಾರ ಅಂದಿದ್ದರು. ಎರಡು ವರ್ಷದ ಮೇಲೆ ಬಂತು, ಹೈದರಾಲಿ ಇದ್ದ ಪುಟದ ಮೇಲೆ ಟೀ ಲೋಟದ ಗುರುತು. ಮನೆಗೆ ಬನ್ನಿ, ಜಗಲಿ ಮೇಲೆ ಕೂತು ಓದಿ. ಟೀ ನಾನು ಕೊಡ್ತೀನಿ, ಪುಸ್ತಕ ಮುಚ್ಚಿಟ್ಟ ಮೇಲೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬರಬೇಡಿ, ಮಲಗಿರ್ತೀನಿ.