ಫೋನ್ ಹಿಡಿದು ಹಣ ಕೊಡುವ ಸೌಲಭ್ಯ ಹರಡಲು ಇಷ್ಟು ವರ್ಷ ಬೇಕಾಯಿತೇಕೆ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಕಾರ್ಡ್ ಯಂತ್ರದ ಹತ್ತಿರ ಫೋನ್ ಹಿಡಿದು ಹಣ ಕೊಡುವ ಸೌಲಭ್ಯ ಬಂದು ಬಹಳ ವರ್ಷಗಳಾದರೂ, ಫೋನ್ ಇರುವವರೆಲ್ಲ ಅದನ್ನು ಏಕೆ ಬಳಸುತ್ತಿಲ್ಲ, ಜನರಿಗೆ ನಂಬಿಕೆ ಇಲ್ಲವೇ ಎಂಬುದು ಒಂದು. ನೀವು ಈಗ ಶುರು ಮಾಡಬಹುದೇ, ಕಾರ್ಡಿಗಿಂತ ಅದು ಸುರಕ್ಷಿತವೇ ಎಂಬುದು ಇನ್ನೊಂದು. ಎರಡನೆಯದಕ್ಕೆ ನನ್ನ ಉತ್ತರ ಚಿಕ್ಕದು: ಹೌದು, ಧೈರ್ಯವಾಗಿ ಶುರು ಮಾಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲನೆಯ ಪ್ರಶ್ನೆ ಮಾತ್ರ ನನ್ನನ್ನು ವರ್ಷಗಟ್ಟಲೆ ಕಾಡಿದೆ. ಆದ್ದರಿಂದ ಅದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಾನು ಕಾರ್ಡ್ ಯಂತ್ರಗಳ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಮಾಡಿದವನು. ಪ್ರಯೋಗಾಲಯದಲ್ಲಿ ಯಂತ್ರ ತೇರ್ಗಡೆಯಾದರೆ ಕೆಲಸ ಮುಗಿಯುತ್ತಿರಲಿಲ್ಲ. ಅದು ಗಲ್ಲಾದ ಪಕ್ಕ ಕೂತ ಮೇಲೆ ನಾವೂ ಅಲ್ಲಿಗೆ ಹೋಗಿ, ಬದಿಯಲ್ಲಿ ನಿಂತು, ಜನ ಅದನ್ನು ಹೇಗೆ ಬಳಸುತ್ತಾರೆ ಎಂದು ಗಮನಿಸಬೇಕಾಗಿತ್ತು. ಅಲ್ಲಿ ನಿಂತು ನಿಂತು ನನಗೆ ಖಚಿತವಾದ ಸಂಗತಿ ಇದು: ಜನ ಹಿಂಜರಿಯುವುದು ಕಳ್ಳರಿಗೆ ಹೆದರಿ ಅಲ್ಲ, ಸಾಲಿನಲ್ಲಿ ತಮ್ಮ ಹಿಂದೆ ನಿಂತವರಿಗೆ ಹೆದರಿ.

ಒಂದು ದಿನದ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವಯಸ್ಸಾದ ಹೆಂಗಸೊಬ್ಬರು, ಮಗಳು ಫೋನಿಗೆ ಕಾರ್ಡ್ ಸೇರಿಸಿಕೊಟ್ಟಿದ್ದಾಳೆ ಎಂದು ಹೇಳುತ್ತಲೇ, ಹುರುಪಿನಿಂದ ಫೋನನ್ನು ಯಂತ್ರಕ್ಕೆ ಒಮ್ಮೆ ತಟ್ಟಿ ಹಿಂದಕ್ಕೆ ಎಳೆದುಕೊಂಡರು. ಯಂತ್ರ ಸುಮ್ಮನಿತ್ತು. ಇನ್ನೊಮ್ಮೆ ತಟ್ಟಿದರು. ‘ಮತ್ತೆ ಪ್ರಯತ್ನಿಸಿ’ ಎಂಬ ಸಾಲು ಮೂಡಿತು. ಹಿಂದೆ ನಿಂತಿದ್ದ ಯಾರೋ ಸಣ್ಣಗೆ ಕೆಮ್ಮಿದರು. ಅಷ್ಟೇ ಸಾಕಾಯಿತು. ಅವರು ಫೋನನ್ನು ಚೀಲಕ್ಕೆ ಹಾಕಿ, ನೋಟು ಎಣಿಸಿ ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಫೋನಿನಲ್ಲಿ ದೋಷವಿರಲಿಲ್ಲ, ಯಂತ್ರದಲ್ಲಿಯೂ ಇರಲಿಲ್ಲ. ಆ ಯಂತ್ರದ ಪರೀಕ್ಷಾ ವರದಿಗೆ ಸಹಿ ಹಾಕಿದವನು ನಾನೇ. ‘ಟ್ಯಾಪ್’ ಎಂಬ ಪದವೇ ಅವರ ಕೈಯನ್ನು ದಾರಿ ತಪ್ಪಿಸಿತ್ತು. ಟ್ಯಾಪ್ ಎಂದರೆ ಬಾಗಿಲು ತಟ್ಟಿದಂತೆ ತಟ್ಟಬೇಕು ಎಂದುಕೊಳ್ಳುವುದು ಸಹಜ. ನಿಜಕ್ಕೂ ತಟ್ಟುವುದು ಬೇಡ, ತಾಕಿಸುವುದೂ ಬೇಡ. ಯಂತ್ರದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಒಂದು ಕ್ಷಣ ಹಿಡಿದರೆ ಸಾಕು. ಯಂತ್ರ ತನ್ನ ಸುತ್ತ 13.56 ಮೆಗಾಹರ್ಟ್ಸ್ ಆವರ್ತನದ ಒಂದು ಪುಟ್ಟ ಕಾಂತಕ್ಷೇತ್ರವನ್ನು ಸೃಷ್ಟಿಸುತ್ತದೆ. ಫೋನ್ ಆ ಕ್ಷೇತ್ರದೊಳಗೆ ಇರುವಷ್ಟು ಹೊತ್ತು ಮಾತ್ರ ಎರಡರ ನಡುವೆ ಮಾತುಕತೆ ನಡೆಯುತ್ತದೆ. ಮಾತು ಮುಗಿಯುವ ಮೊದಲೇ ಕೈ ಹಿಂದೆ ಬಂದರೆ ವ್ಯವಹಾರ ಅರ್ಧಕ್ಕೆ ನಿಲ್ಲುತ್ತದೆ. ಅಂದಿನಿಂದ ನಾನು ಯಾರಿಗೆ ಹೇಳಿಕೊಡುವಾಗಲೂ ‘ತಟ್ಟಿ’ ಎನ್ನುವುದಿಲ್ಲ, ‘ಹಿಡಿಯಿರಿ’ ಎನ್ನುತ್ತೇನೆ.

ಇಷ್ಟು ಸಣ್ಣ ವಿಷಯ ಒಂದು ತಂತ್ರಜ್ಞಾನವನ್ನು ತಡೆಯುತ್ತದೆಯೇ ಎಂದು ನೀವು ಕೇಳಬಹುದು. ಒಮ್ಮೆ ನಾಲ್ಕು ಜನರೆದುರು ಸೋತವರು ಎರಡನೆಯ ಸಲ ಪ್ರಯತ್ನಿಸಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಹಣ ಕೊಡುವುದು ಎಲ್ಲರ ಕಣ್ಣೆದುರು ನಡೆಯುವ ಕೆಲಸ. ಅಲ್ಲಿ ಬೇಕಾದದ್ದು ಬೆರಗಲ್ಲ, ಇದು ಇಲ್ಲಿ, ಈಗ, ಮೊದಲ ಸಲಕ್ಕೇ ಆಗುತ್ತದೆ ಎಂಬ ಖಾತರಿ. ಈ ಸೌಲಭ್ಯದ ಇತಿಹಾಸವನ್ನು ಹಿಂತಿರುಗಿ ನೋಡಿದರೆ, ಆ ಖಾತರಿ ಸಿಕ್ಕಲ್ಲಿ ಅದು ಬೇಗ ಬೇರೂರಿದೆ, ಸಿಗದ ಕಡೆ ಒಣಗಿದೆ.

ಜಪಾನನ್ನೇ ನೋಡಿ. ಅಲ್ಲಿ ಎನ್‌ಟಿಟಿ ಡೊಕೊಮೊ ಕಂಪನಿ ‘ಒಸಾಯ್ಫು ಕೇತಾಯ್’, ಅಂದರೆ ಕೈಚೀಲದ ಫೋನ್, ಎಂಬ ಸೇವೆಯನ್ನು 2004ರಲ್ಲೇ ಆರಂಭಿಸಿತು. ಐಫೋನ್ ಎಂಬುದೇ ಆಗ ಹುಟ್ಟಿರಲಿಲ್ಲ. ಸೋನಿಯ ಫೆಲಿಕಾ ಎಂಬ ಚಿಪ್ಪನ್ನು ಫೋನಿನೊಳಗೆ ಕೂರಿಸಿದ್ದರು. ಅದೇ ಚಿಪ್ ರೈಲ್ವೆಯ ಸುಯಿಕಾ ಕಾರ್ಡಿನಲ್ಲಿ 2001ರಿಂದ ಕೆಲಸ ಮಾಡುತ್ತಿತ್ತು. 2006ರಲ್ಲಿ ಸುಯಿಕಾ ಫೋನಿಗೂ ಬಂದಾಗ ಜನರಿಗೆ ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಯಾವ ಗೇಟಿಗೆ ದಿನಾ ಕಾರ್ಡ್ ಹಿಡಿಯುತ್ತಿದ್ದರೋ ಅದೇ ಗೇಟಿಗೆ ಫೋನ್ ಹಿಡಿದರು. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಓದಿ ಮುಗಿಸುವಂತೆ ಆ ಗೇಟನ್ನು ರೂಪಿಸಿದ್ದರು. ಬೆಳಗಿನ ನೂಕುನುಗ್ಗಲಿನಲ್ಲಿ ದಿನಕ್ಕೆ ಎರಡು ಸಲ ತಪ್ಪದೆ ಆಗುವ ಕೆಲಸಕ್ಕೆ ಕೈ ತಾನಾಗಿಯೇ ಒಗ್ಗಿಕೊಳ್ಳುತ್ತದೆ.

ಅಮೆರಿಕದ ಕಥೆ ಇದಕ್ಕೆ ತದ್ವಿರುದ್ಧ. 2011ರಲ್ಲಿ ಗೂಗಲ್ ಕಂಪನಿಯ ಪಾವತಿ ಆ್ಯಪ್, ಗೂಗಲ್ ವಾಲೆಟ್, ಬಂತು. ಕಾರ್ಡಿನ ಗುಟ್ಟನ್ನು ಕಾಪಾಡುವ ಚಿಪ್ ಯಾರ ಹಿಡಿತದಲ್ಲಿರಬೇಕು ಎಂಬ ಜಗಳ ಕೂಡಲೇ ಎದ್ದಿತು. ಅಲ್ಲಿನ ದೊಡ್ಡ ಮೊಬೈಲ್ ಸೇವಾ ಕಂಪನಿಗಳು ಸೇರಿ ತಮ್ಮದೇ ಬೇರೆ ವ್ಯವಸ್ಥೆ ಕಟ್ಟಿದವು. ಅದಕ್ಕೆ ಮೊದಲು ಇಸಿಸ್ ಎಂದೂ 2014ರಲ್ಲಿ ಸಾಫ್ಟ್‌ಕಾರ್ಡ್ ಎಂದೂ ಹೆಸರಿಟ್ಟರು. ಮರುವರ್ಷ ಅದು ಮುಚ್ಚಿತು, ತಂತ್ರಜ್ಞಾನ ಗೂಗಲ್ ಪಾಲಾಯಿತು. 2014ರ ಅಕ್ಟೋಬರಿನಲ್ಲಿ ಆಪಲ್ ಪೇ ಶುರುವಾದಾಗ ಕೆಲವು ದೊಡ್ಡ ಮಳಿಗೆ ಸರಪಳಿಗಳು ಕೆಲಸ ಮಾಡುತ್ತಿದ್ದ ಯಂತ್ರಗಳ ಸಂಪರ್ಕರಹಿತ, ಅಂದರೆ ತಾಕಿಸದೆಯೇ ಓದುವ, ಭಾಗವನ್ನೇ ಆರಿಸಿಬಿಟ್ಟವು. ತಮ್ಮದೇ ಪಾವತಿ ಆ್ಯಪ್ ತರುವ ಯೋಜನೆ ಅವರಿಗಿತ್ತು. ಗ್ರಾಹಕರ ಕೈಯಲ್ಲಿ ಫೋನ್ ಸಿದ್ಧವಿತ್ತು, ಎದುರಿಗೆ ಯಂತ್ರವೂ ಇತ್ತು, ಆದರೂ ಕೆಲಸ ಆಗಲಿಲ್ಲ. ಆ ದಿನಗಳನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಲಾಭದ ಪಾಲಿಗಾಗಿ ದೊಡ್ಡವರು ಎಳೆದಾಡುವಾಗ ಸಾಲಿನಲ್ಲಿ ಪೆಚ್ಚಾಗಿ ನಿಂತವರು ಸಾಮಾನ್ಯ ಜನ.

ಕೈಚೀಲದ ಲೆಕ್ಕ ಇನ್ನೊಂದಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹತ್ತು ಅಂಗಡಿಗಳಲ್ಲಿ ಒಂಬತ್ತು ಕಡೆ ಫೋನಿನಿಂದ ಹಣ ಕೊಡಬಹುದು ಎಂದುಕೊಳ್ಳಿ. ಉಳಿದ ಒಂದಕ್ಕಾಗಿ ನೀವು ಕಾರ್ಡ್, ನೋಟು, ಚಿಲ್ಲರೆ ಎಲ್ಲವನ್ನೂ ಹೊತ್ತು ಹೋಗಲೇಬೇಕು. ಹೊತ್ತು ಹೋದ ಮೇಲೆ ಅದನ್ನೇ ತೆಗೆದು ಕೊಡುವುದು ಸುಲಭ. ಹೀಗಾಗಿ ಒಂಬತ್ತು ಅಂಗಡಿಗಳು ಒಪ್ಪಿದರೂ ಬಳಕೆ ಅಷ್ಟರ ಮಟ್ಟಿಗೆ ಏರುವುದಿಲ್ಲ. ಹತ್ತನೆಯದು ಒಪ್ಪಿದ ದಿನ ಒಮ್ಮೆಲೇ ಏರುತ್ತದೆ. ಸ್ಯಾಮ್‌ಸಂಗ್ ಈ ಹತ್ತನೆಯ ಅಂಗಡಿಯನ್ನು ಗೆಲ್ಲಲು 2015ರಲ್ಲಿ ಮಾಡಿದ ಉಪಾಯವನ್ನು ನಾನು ಈಗಲೂ ಮೆಚ್ಚುತ್ತೇನೆ. ಕಾರ್ಡಿನ ಬೆನ್ನಿನ ಕಪ್ಪು ಕಾಂತಪಟ್ಟಿಯನ್ನು ಉಜ್ಜಿದಾಗ ಯಂತ್ರಕ್ಕೆ ಸಿಗುವ ಸಂಕೇತವನ್ನೇ ಅವರ ಫೋನ್ ಗಾಳಿಯಲ್ಲಿ ಹೊಮ್ಮಿಸುತ್ತಿತ್ತು. ಹಳೆಯ ಯಂತ್ರವೂ ಅದನ್ನು ಕಾರ್ಡ್ ಎಂದೇ ನಂಬುತ್ತಿತ್ತು. ಹೊಸ ಯಂತ್ರಗಳು ಹರಡಿದಂತೆ ಆ ಉಪಾಯದ ಅಗತ್ಯ ತೀರಿತು, ಮುಂದಿನ ಫೋನ್‌ಗಳಲ್ಲಿ ಬಹುತೇಕ ಕಡೆ ಅದನ್ನು ಕೈಬಿಟ್ಟರು.

ಆ ಹೊಸ ಯಂತ್ರಗಳು ಬಂದದ್ದಾದರೂ ಫೋನಿಗಾಗಿ ಅಲ್ಲ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳು ಒಂದು ನಿಯಮ ತಂದವು: ಚಿಪ್ ಇರುವ ಕಾರ್ಡಿನ ನಕಲು ಮಾಡಿ, ಚಿಪ್ ಓದಲಾಗದ ಯಂತ್ರದಲ್ಲಿ ಮೋಸ ನಡೆದರೆ, ನಷ್ಟ ಬಹುಮಟ್ಟಿಗೆ ವ್ಯಾಪಾರಿಯ ಕಡೆಯದು. ನಷ್ಟದ ಭಯಕ್ಕೆ ವ್ಯಾಪಾರಿಗಳು ಯಂತ್ರ ಬದಲಿಸಿದರು. ಹೊಸ ಯಂತ್ರಗಳಲ್ಲಿ ಬಹುಪಾಲಿನಲ್ಲಿ ಸಂಪರ್ಕರಹಿತ ಓದುಗವೂ ಸೇರಿಕೊಂಡು ಬಂದಿತ್ತು. ಯಂತ್ರಗಳೇ ವಿರಳವಾಗಿದ್ದ ಕಡೆ ಮಾರ್ಗ ಬೇರೆಯಾಯಿತು. ಚೀನಾದಲ್ಲಿ ಅಲಿಪೇ ಮತ್ತು ವೀಚಾಟ್, ಭಾರತದಲ್ಲಿ 2016ರಿಂದ ಯುಪಿಐ, ಒಂದು ಕಾಗದದ ಮೇಲೆ ಮುದ್ರಿಸಿದ ಕ್ಯೂಆರ್ ಕೋಡಿನಿಂದಲೇ ಕೆಲಸ ಮುಗಿಸಿದವು. ಅಲ್ಲಿ ವ್ಯಾಪಾರಿ ಏನನ್ನೂ ಕೊಳ್ಳಬೇಕಾಗಿರಲಿಲ್ಲ, ಹಾಗಾಗಿ ಹತ್ತನೆಯ ಅಂಗಡಿ ಎಂಬ ತೊಡಕೇ ಬಹುಮಟ್ಟಿಗೆ ನಿವಾರಣೆಯಾಯಿತು.

ಲಂಡನ್ ಸಾರಿಗೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ. ಅಲ್ಲಿ 2012ರ ಡಿಸೆಂಬರಿನಲ್ಲಿ ಬಸ್ಸುಗಳಲ್ಲಿ, 2014ರ ಸೆಪ್ಟೆಂಬರಿನಲ್ಲಿ ನೆಲದಡಿಯ ರೈಲಿನಲ್ಲಿ ಬ್ಯಾಂಕ್ ಕಾರ್ಡನ್ನೇ ಟಿಕೆಟ್ಟಾಗಿ ಒಪ್ಪಿಕೊಂಡರು. ಗೇಟಿನ ಮುಂದೆ ಇರುವ ಕಾಲಾವಕಾಶ ಅರ್ಧ ಸೆಕೆಂಡು. ಅಷ್ಟರಲ್ಲಿ ಬ್ಯಾಂಕನ್ನು ಕೇಳಿ ಉತ್ತರ ಪಡೆಯಲು ಸಾಧ್ಯವಿಲ್ಲ. ಆದ್ದರಿಂದ ಗೇಟು ಕಾರ್ಡ್ ಅಸಲಿ ಎಂದು ತೋರಿಸುವ ಗೂಢಲಿಪಿ ಸಹಿಯನ್ನಷ್ಟೇ ಪರಿಶೀಲಿಸಿ ಒಳಗೆ ಬಿಡುತ್ತದೆ. ಬ್ಯಾಂಕನ್ನು ಕೇಳುವುದು ಆಮೇಲೆ. ಬ್ಯಾಂಕ್ ಒಪ್ಪದಿದ್ದರೆ ಆ ಕಾರ್ಡ್ ತಡೆಪಟ್ಟಿಗೆ ಸೇರುತ್ತದೆ, ಮುಂದಿನ ಸಲ ಗೇಟು ತೆರೆಯುವುದಿಲ್ಲ. ಮೊದಲು ಪ್ರಯಾಣಿಕನನ್ನು ನಂಬಿ, ಲೆಕ್ಕ ಆಮೇಲೆ ನೋಡುವ ಈ ಕ್ರಮವನ್ನು ರೂಪಿಸಿದವರಿಗೆ ನಾನು ಮನಸಾರೆ ನಮಸ್ಕರಿಸುತ್ತೇನೆ. ಯಂತ್ರದ ಅನುಮಾನಕ್ಕಿಂತ ಮನುಷ್ಯನ ಸಮಯಕ್ಕೆ ಅವರು ಬೆಲೆ ಕೊಟ್ಟರು.

ಇನ್ನು ಸುರಕ್ಷತೆ. ಕಾರ್ಡನ್ನು ಫೋನಿಗೆ ಸೇರಿಸಿದಾಗ ನಿಮ್ಮ ಕಾರ್ಡಿನ ಸಂಖ್ಯೆ ಅಂಗಡಿಯ ಯಂತ್ರಕ್ಕೆ ಹೋಗುವುದೇ ಇಲ್ಲ. ಬ್ಯಾಂಕ್ ಮತ್ತು ಕಾರ್ಡ್ ಜಾಲ ಸೇರಿ ಆ ಫೋನಿಗಷ್ಟೇ ಸಲ್ಲುವ ಬೇರೊಂದು ಸಂಖ್ಯೆಯನ್ನು ಕೊಡುತ್ತವೆ. ಅದನ್ನು ಟೋಕನ್ ಎನ್ನುತ್ತಾರೆ. ಪ್ರತಿ ಪಾವತಿಗೂ ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗೂಢ ಸಂಕೇತವನ್ನು ಫೋನ್ ತಯಾರಿಸುತ್ತದೆ. ಯಾರಾದರೂ ಅದನ್ನು ಕದ್ದು ಇನ್ನೊಮ್ಮೆ ಬಳಸಲು ಹೋದರೆ ಬ್ಯಾಂಕ್ ತಿರಸ್ಕರಿಸುತ್ತದೆ. ಮೇಲಾಗಿ ಸಾಮಾನ್ಯವಾಗಿ ನಿಮ್ಮ ಬೆರಳಚ್ಚು, ಮುಖ ಅಥವಾ ಪಿನ್ ಇಲ್ಲದೆ ಫೋನ್ ಹಣ ಕೊಡುವುದಿಲ್ಲ. ಬರೀ ಕಾರ್ಡ್ ಬಿದ್ದರೆ, ಸಿಕ್ಕವರು ಸಣ್ಣ ಮೊತ್ತಗಳನ್ನು ಪಿನ್ ಇಲ್ಲದೆಯೇ ಖರ್ಚು ಮಾಡಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ರೈಲು ಗೇಟುಗಳಿಗಾಗಿ ಕೆಲವು ಫೋನ್‌ಗಳಲ್ಲಿ ಬೀಗ ತೆರೆಯದೆಯೇ ಹಣ ಕೊಡುವ ವ್ಯವಸ್ಥೆ ಇದೆ. 2021ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಸರ್ರೆ ವಿಶ್ವವಿದ್ಯಾಲಯಗಳ ಸಂಶೋಧಕರು, ಐಫೋನಿನ ಈ ವ್ಯವಸ್ಥೆಗೆ ವೀಸಾ ಕಾರ್ಡ್ ಜೋಡಿಸಿದ್ದರೆ ಬೀಗ ಹಾಕಿದ ಫೋನಿನಿಂದಲೂ ಹಣ ಎಳೆಯಬಹುದು ಎಂದು ಪ್ರಯೋಗಾಲಯದಲ್ಲಿ ತೋರಿಸಿದರು. ನಿಮಗೆ ಆ ಸೌಲಭ್ಯ ಬೇಡವಾದರೆ ಅದನ್ನು ಆರಿಸಿಡಿ. ಉಳಿದದ್ದಕ್ಕೆ ಚಿಂತಿಸಬೇಡಿ.

ಇಷ್ಟೆಲ್ಲ ಹೇಳಿದರೂ ನಗದನ್ನು ಪೂರ್ತಿ ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಟರಿ ಮುಗಿಯುತ್ತದೆ, ಜಾಲ ಕೈಕೊಡುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು, ಬ್ಯಾಂಕ್ ಖಾತೆ ಇಲ್ಲದವರು ನಮ್ಮ ನಡುವೆಯೇ ಇದ್ದಾರೆ. ನೋಟು ತೆಗೆದುಕೊಳ್ಳುವುದಿಲ್ಲ ಎಂದು ಫಲಕ ಹಾಕುವ ಅಂಗಡಿಯನ್ನು ಕಂಡರೆ, ಇದೇ ಕೆಲಸದಲ್ಲಿ ಬಾಳಿದವನಾದರೂ ನನಗೆ ಸಿಟ್ಟು ಬರುತ್ತದೆ. ಹೊಸ ಬಾಗಿಲು ತೆರೆಯಲು ಹಳೆಯದನ್ನು ಮುಚ್ಚಬೇಕಾಗಿಲ್ಲ.

ನೀವು ಶುರು ಮಾಡುವಾಗ ಮೊದಲ ಸಲ ಹಿಂದೆ ಯಾರೂ ಇಲ್ಲದ ಹೊತ್ತಿನಲ್ಲಿ ಪ್ರಯತ್ನಿಸಿ. ನಿಮ್ಮ ಫೋನಿನ ಆಂಟೆನಾ ಎಲ್ಲಿದೆ ಎಂದು ತಿಳಿದುಕೊಳ್ಳಿ. ಐಫೋನಿನಲ್ಲಿ ಅದು ಮೇಲಿನ ಅಂಚಿನಲ್ಲಿರುತ್ತದೆ, ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬೆನ್ನಿನ ನಡುಭಾಗದಲ್ಲಿ. ಯಂತ್ರದ ಮೇಲೆ ನಾಲ್ಕು ಬಾಗಿದ ಗೆರೆಗಳ ಗುರುತು ಇರುವ ಜಾಗಕ್ಕೆ ಆ ಭಾಗವನ್ನು ಹಿಡಿದು, ಸದ್ದು ಬರುವವರೆಗೆ ಅಲುಗಾಡಿಸದೆ ಇರಿ. ರಸೀದಿಯಲ್ಲಿ ಕಾಣುವ ಕೊನೆಯ ನಾಲ್ಕು ಅಂಕಿಗಳು ನಿಮ್ಮ ಕಾರ್ಡಿನದಲ್ಲವಲ್ಲ ಎಂದು ಗಾಬರಿಯಾಗಬೇಡಿ. ಅವು ನಾನು ಹೇಳಿದ ಟೋಕನ್ನಿನವು. ಇದೇ ಕಾರಣಕ್ಕೆ ಪ್ರಯಾಣದಲ್ಲಿ ಫೋನ್ ಹಿಡಿದು ಒಳಗೆ ಹೋದರೆ ಹೊರಬರುವಾಗಲೂ ಫೋನನ್ನೇ ಹಿಡಿಯಿರಿ. ಒಂದೇ ಖಾತೆಯಾದರೂ ಫೋನ್ ಮತ್ತು ಕಾರ್ಡನ್ನು ಗೇಟು ಇಬ್ಬರು ಪ್ರಯಾಣಿಕರೆಂದು ತಿಳಿದು, ಎರಡು ಅಪೂರ್ಣ ಪ್ರಯಾಣಗಳ ಹಣ ಕಡಿತ ಮಾಡಿದ್ದುಂಟು. ಕೊಂಡ ವಸ್ತುವನ್ನು ಹಿಂತಿರುಗಿಸಲು ಹೋಗುವಾಗಲೂ ಅದೇ ಫೋನ್ ಜೊತೆಗಿರಲಿ. ಫೋನ್ ಕಳೆದರೆ ಬ್ಯಾಂಕಿಗೆ ತಿಳಿಸಿ, ಆ ಟೋಕನ್ನನ್ನು ಮಾತ್ರ ನಿಲ್ಲಿಸುವಂತೆ ಕೇಳಿ. ಮನೆಯಲ್ಲಿಟ್ಟ ಕಾರ್ಡ್ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ.