‘ಕುಂಟು’ ಪದ ಎಲ್ಲಿಂದ ಬಂತು? ‘ಹೆಳವ’ ಅಂದರೂ ಅದೇ ಅರ್ಥವೇ?

‘ಕುಂಟು’ ಸಂಸ್ಕೃತದ ‘ಕುಂಠ’ದಿಂದ ಬಂದಿದ್ದಾ, ‘ಹೆಳವ’ ಅಂದರೂ ಅದೇನಾ ಅಂತ ಕೇಳಿದ್ದೀರಿ. ಎರಡಕ್ಕೂ ನನ್ನ ಉತ್ತರ ‘ಅಲ್ಲ’.

‘ಕುಂಟು’ ಅಚ್ಚಗನ್ನಡದ ಪದ. ತೆಲುಗಿನಲ್ಲೂ ಇದೇ ಪದ, ಇದೇ ಅರ್ಥ. ಒಂದು ಕಾಲಿನ ಮೇಲೆ ಜಾಸ್ತಿ ಭಾರ ಹಾಕಿ, ಇನ್ನೊಂದನ್ನು ಹಗುರವಾಗಿ ಊರಿ ನಡೆಯುವುದು. ಕಾಲು ನೋಯುತ್ತಿರಲೇಬೇಕು ಅಂತೇನಿಲ್ಲ. ಕುಂಟಾಬಿಲ್ಲೆ ಆಡುವ ಮಕ್ಕಳು ಒಂದು ಕಾಲು ಮಡಚಿ, ಇನ್ನೊಂದರಲ್ಲಿ ಜಿಗಿಯುತ್ತಾ ಬಿಲ್ಲೆ ತಳ್ಳುತ್ತಾರಲ್ವಾ, ಅದೂ ಕುಂಟುವುದೇ. ನೆಟ್ಟಗೆ ನಿಲ್ಲಲಾರದ ಕಾರಣಕ್ಕೆ ‘ಕುಂಟುನೆಪ’ ಅನ್ನುತ್ತೇವೆ. ಮಂಡಿ ನೋವಿನಿಂದ ನಾನೂ ಕೆಲವು ತಿಂಗಳು ಕುಂಟಿದ್ದೇನೆ. ‘ಯಾಕೆ ಕುಂಟ್ತಿದ್ದೀರಾ?’ ಅಂತ ಯಾರಾದರೂ ಕೇಳಿದರೆ ಅದು ಕಾಳಜಿ ಅನ್ನಿಸುತ್ತಿತ್ತು. ಅದೇ ಪದವನ್ನು ಒಬ್ಬರ ಹೆಸರಿನಂತೆ ಕೂಗಿದರೆ ಚುಚ್ಚುತ್ತದೆ. ದಯವಿಟ್ಟು ಹಾಗೆ ಬಳಸಬೇಡಿ.

‘ಹೆಳವ’ ಬೇರೆ. ಕುಂಟುವವರು ಹೇಗೋ ನಡೆಯುತ್ತಾರೆ. ಹೆಳವನಿಗೆ ನಡಿಗೆಯೇ ಆಗದು. ಈಗ ಮಾತಿನಲ್ಲಿ ಎರಡೂ ಬೆರೆತುಹೋಗಿವೆ, ನಿಜ. ಆದರೆ 12ನೇ ಶತಮಾನದ ಬಸವಣ್ಣನವರ ವಚನ ನೋಡಿ. ಅತ್ತಿತ್ತ ಹೋಗದಂತೆ ತನ್ನನ್ನು ಹೆಳವನನ್ನಾಗಿ ಮಾಡು ಅಂತ ದೇವರನ್ನು ಬೇಡುತ್ತಾರೆ. ಅಲ್ಲಿ ‘ಕುಂಟ’ ಅಂದಿದ್ದರೆ ಅರ್ಥವೇ ಕೆಡುತ್ತಿತ್ತು. ಕುಂಟುತ್ತಲೂ ಊರೆಲ್ಲ ಸುತ್ತಬಹುದಲ್ವಾ? ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುತ್ತಿದ್ದ ಸಮುದಾಯದ ಹೆಸರೂ ಹೆಳವರು. ಅವರ ಮೂಲಪುರುಷನಿಗೆ ಕಾಲಿನ ಬಲ ಇರಲಿಲ್ಲ, ಅದಕ್ಕೇ ಎತ್ತು ಏರಿದ ಅನ್ನುವ ಕಥೆಯಿದೆ.

ಸಂಸ್ಕೃತದಲ್ಲಿ ಕುಂಟುವವರಿಗೆ ‘ಖಂಜ’, ‘ಪಂಗು’ ಎಂಬ ಪದಗಳಿವೆ. ಶನಿಗೂ ‘ಪಂಗು’ ಎಂಬ ಹೆಸರಿದೆ. ಒಂದು ರಾಶಿ ದಾಟಲು ಸುಮಾರು ಎರಡೂವರೆ ವರ್ಷ ತೆಗೆದುಕೊಳ್ಳುವ ಗ್ರಹ ಅದು.

ಇನ್ನು ನಿಮ್ಮ ‘ಕುಂಠ’. ಅದರ ಅರ್ಥ ಮೊಂಡಾದದ್ದು, ಹರಿತ ಇಲ್ಲದ್ದು. ‘ಬೆಳವಣಿಗೆ ಕುಂಠಿತವಾಯಿತು’ ಅನ್ನುವಾಗ ಇರುವುದು ಈ ಪದ. ನಿಧಾನವಾಯಿತು ಅನ್ನುವ ಅರ್ಥ ಹತ್ತಿರ ಇರುವುದರಿಂದ ಕುಂಟುವುದಕ್ಕೂ ಇದಕ್ಕೂ ನಂಟಿದೆ ಅನ್ನಿಸುವುದು ಸಹಜ. ಹಾಗಾಗಿಯೇ ತುಂಬಾ ಜನ ‘ಕುಂಟಿತ’ ಅಂತ ಬರೆಯುತ್ತಾರೆ. ಅದು ತಪ್ಪು. ಅಲ್ಲಿ ‘ಠ’ ಬೇಕು. ಕಾಲಿನ ವಿಷಯಕ್ಕೆ ಬಂದಾಗ ಮಾತ್ರ ‘ಟ’.